ವೋಲ್ಟೇಜ್ ಸರಿಯಾಗಿದೆ ಅಂದ ಮಾತ್ರಕ್ಕೆ ಗ್ರಿಡ್ ಸುರಕ್ಷಿತವೇ?

ಪ್ರಶ್ನೆ: ಪ್ರಸರಣ ಜಾಲದ ಯೋಜನಾ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ದೊಡ್ಡ ವಿಂಡ್ ಫಾರ್ಮ್‌ಗಳಿರುವ ಒಂದು ಭಾಗದ ವೋಲ್ಟೇಜ್ ಸ್ಥಿರತೆ ಪರೀಕ್ಷಿಸಲು ಹೇಳಿದ್ದಾರೆ. ಲೋಡ್ ಫ್ಲೋ, ಅಂದರೆ ಜಾಲದಲ್ಲಿ ಪವರ್ ಹರಿಯುವ ಲೆಕ್ಕ, ಮಾಡಿದೆ. ಎಲ್ಲ ಬಸ್‌ಗಳ (ಲೈನ್‌ಗಳು ಕೂಡುವ ಬಿಂದುಗಳ) ವೋಲ್ಟೇಜ್, ನಿಗದಿತ ವೋಲ್ಟೇಜ್ ಅನ್ನು 1 ಎಂದಿಟ್ಟುಕೊಂಡರೆ, 0.97ರಿಂದ 1.03ರ ಒಳಗಿದೆ. ಪವರ್ ಏರಿದಂತೆ ವೋಲ್ಟೇಜ್ ಹೇಗೆ ಇಳಿಯುತ್ತದೆ ಎಂದು ತೋರಿಸುವ ಪಿವಿ ಕರ್ವ್ ಬರೆದೆ, ಕುಸಿತಕ್ಕೆ ಮುಂಚೆ ಉಳಿದಿರುವ ಮಾರ್ಜಿನ್ ಚೆನ್ನಾಗಿಯೇ ಕಾಣುತ್ತಿದೆ. ಆದರೂ ಹಿರಿಯರು ಇಷ್ಟು ಸಾಲದು ಎನ್ನುತ್ತಾರೆ. ಇನ್ನೇನು ನೋಡಬೇಕು?

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ಸರಿ. ನೀವು ಮಾಡಿದ ಕೆಲಸವೂ ತಪ್ಪಲ್ಲ, ಶುರು ಮಾಡಬೇಕಾದದ್ದು ಅಲ್ಲಿಂದಲೇ. ಆದರೆ ಬಸ್‌ನ ವೋಲ್ಟೇಜ್ 1.0 ಇದೆ ಎಂದರೆ, ಯಾರೋ ಅದನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದಾರೆ ಎಂದಷ್ಟೇ ಅರ್ಥ. ಹಿಡಿದಿರುವವರು ಯಾರು, ಅವರ ಹತ್ತಿರ ಇನ್ನೆಷ್ಟು ರಿಯಾಕ್ಟಿವ್ ಪವರ್ (ವೋಲ್ಟೇಜ್ ಎತ್ತಿ ಹಿಡಿಯುವ, ಮೆಗಾವಾರ್‌ನಲ್ಲಿ ಅಳೆಯುವ ಪವರ್) ಉಳಿದಿದೆ, ಅದು ಮುಗಿದಾಗ ಅವರು ಏನು ಮಾಡುತ್ತಾರೆ? ವೋಲ್ಟೇಜ್ ಸ್ಥಿರತೆಯ ಪರೀಕ್ಷೆ ಎಂದರೆ ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು. ಹಳೆಯ ಗ್ರಿಡ್‌ನಲ್ಲಿ ಈ ಕೆಲಸ ದೊಡ್ಡ ಸಿಂಕ್ರನಸ್ ಜನರೇಟರ್‌ಗಳದ್ದಾಗಿತ್ತು. ಗಾಳಿ ಜಾಸ್ತಿ ಇರುವ ಗ್ರಿಡ್‌ನಲ್ಲಿ ಅವುಗಳಲ್ಲಿ ಹಲವು ಬಂದ್ ಆಗಿರುತ್ತವೆ. ಅವುಗಳ ಜಾಗದಲ್ಲಿ ಟರ್ಬೈನ್‌ಗಳನ್ನು ಗ್ರಿಡ್‌ಗೆ ಜೋಡಿಸುವ ಎಲೆಕ್ಟ್ರಾನಿಕ್ ಕನ್ವರ್ಟರ್‌ಗಳು ಕೂತಿರುತ್ತವೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಇದನ್ನು ಕಾಗದದ ಮೇಲೆ ನೀವೂ ಮಾಡಿ ನೋಡಿ, ಸಾಫ್ಟ್‌ವೇರ್ ಬೇಡ.

300 ಮೆಗಾವ್ಯಾಟ್‌ನ ಒಂದು ವಿಂಡ್ ಫಾರ್ಮ್ ಇದೆ ಎಂದುಕೊಳ್ಳಿ. ಅಲ್ಲಿಂದ ಮುಖ್ಯ ಸಬ್‌ಸ್ಟೇಷನ್‌ಗೆ 100 ಕಿಲೋಮೀಟರ್ ದೂರ, 220 ಕೆವಿಯ ಎರಡು ಲೈನ್‌ಗಳು. ಒಂದೊಂದರ ರಿಯಾಕ್ಟೆನ್ಸ್ ಸುಮಾರು 40 ಓಮ್. ರೆಸಿಸ್ಟೆನ್ಸ್ ಸದ್ಯಕ್ಕೆ ಬಿಡೋಣ. ಮುಖ್ಯ ಸಬ್‌ಸ್ಟೇಷನ್‌ನಲ್ಲಿ ಗ್ರಿಡ್ ಎಷ್ಟು ಗಟ್ಟಿ ಎಂದು ಹೇಳುವ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 1500 ಎಂವಿಎ. ಅಂದರೆ (220ರ ವರ್ಗವನ್ನು 1500ರಿಂದ ಭಾಗಿಸಿದರೆ) ಅದರ ಹಿಂದೆ ಸುಮಾರು 32 ಓಮ್ ಇದೆ. ಎರಡೂ ಲೈನ್ ಇದ್ದಾಗ ಅವು ಸಮಾನಾಂತರವಾಗಿ 20 ಓಮ್, ಒಟ್ಟು 52 ಓಮ್. ವಿಂಡ್ ಫಾರ್ಮ್‌ನ ಬಸ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ ಸುಮಾರು 926 ಎಂವಿಎ. ಇದನ್ನು 300ರಿಂದ ಭಾಗಿಸಿದರೆ ಶಾರ್ಟ್ ಸರ್ಕ್ಯೂಟ್ ರೇಶಿಯೋ, ಎಲ್ಲರೂ ಎಸ್‌ಸಿಆರ್ ಎನ್ನುವ ಸಂಖ್ಯೆ, 3.1 ಬರುತ್ತದೆ. 3ಕ್ಕಿಂತ ಮೇಲಿದ್ದರೆ ಗ್ರಿಡ್ ಗಟ್ಟಿ ಎನ್ನುವುದು ರೂಢಿ. ಹಾಗಾಗಿ ಇದು ಪಾಸ್.

ಈಗ ಒಂದು ಲೈನ್ ಟ್ರಿಪ್ ಆಯಿತು. ಒಟ್ಟು 72 ಓಮ್, 670 ಎಂವಿಎ, ಎಸ್‌ಸಿಆರ್ 2.2. ಇದೇ ಟ್ರಿಪ್ ಒಂದು ರಾತ್ರಿ, ಲೋಡ್ ಕಡಿಮೆ ಇರುವಾಗ ಆಯಿತು ಎನ್ನಿ. ಹತ್ತಿರದ ಥರ್ಮಲ್ ಘಟಕಗಳು ಬಂದ್ ಆಗಿವೆ, ಮುಖ್ಯ ಸಬ್‌ಸ್ಟೇಷನ್‌ನ ಸಾಮರ್ಥ್ಯ 900 ಎಂವಿಎಗೆ ಇಳಿದಿದೆ. ಆಗ ಒಟ್ಟು 94 ಓಮ್, 516 ಎಂವಿಎ, ಎಸ್‌ಸಿಆರ್ 1.7. ಗಾಳಿ ಮಾತ್ರ ಜೋರಾಗಿದೆ.

ವಿಂಡ್ ಫಾರ್ಮ್ ಯೂನಿಟಿ ಪವರ್ ಫ್ಯಾಕ್ಟರ್‌ನಲ್ಲಿ, ಅಂದರೆ ರಿಯಾಕ್ಟಿವ್ ಪವರ್ ಕೊಡದೆ, ತೆಗೆದುಕೊಳ್ಳದೆ ಓಡುತ್ತಿದ್ದರೆ, ಬರೀ ರಿಯಾಕ್ಟೆನ್ಸ್ ಇರುವ ದಾರಿಯಲ್ಲಿ ದಾಟಿಸಬಹುದಾದ ಗರಿಷ್ಠ ಪವರ್, ಆ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯದ ಅರ್ಧ ಮಾತ್ರ. ಆ ಗರಿಷ್ಠದಲ್ಲಿ ವೋಲ್ಟೇಜ್ 0.707ಕ್ಕೆ ಇಳಿದಿರುತ್ತದೆ. ಪಿವಿ ಕರ್ವ್‌ನ ಮೂಗಿನ ತುದಿ ಎಂದರೆ ಇದೇ. ಮೊದಲ ಸ್ಥಿತಿಯಲ್ಲಿ ಮಿತಿ 463 ಮೆಗಾವ್ಯಾಟ್, ಎರಡನೆಯದರಲ್ಲಿ 335, ಮೂರನೆಯದರಲ್ಲಿ 258. ಮೂರನೆಯ ಸ್ಥಿತಿಯಲ್ಲಿ 300 ಮೆಗಾವ್ಯಾಟ್ ಹೊರಗೆ ಹೋಗಲು ದಾರಿಯೇ ಇಲ್ಲ. ಎಸ್‌ಸಿಆರ್ 2ಕ್ಕಿಂತ ಕೆಳಗಿಳಿದರೆ ಬರೀ ಆಕ್ಟಿವ್ ಪವರ್ ಕೊಡುವ ಘಟಕ ಪೂರ್ತಿ ಉತ್ಪಾದನೆ ಸಾಗಿಸಲಾರದು ಎನ್ನುವುದು ಇಷ್ಟು ಸರಳ ಲೆಕ್ಕದಲ್ಲೇ ಸಿಗುತ್ತದೆ.

ವಿಂಡ್ ಫಾರ್ಮ್ ರಿಯಾಕ್ಟಿವ್ ಪವರ್ ಕೊಟ್ಟು ತನ್ನ ಬಸ್ ಅನ್ನು 1.0ರಲ್ಲಿ ಹಿಡಿದರೆ ಏನಾಗುತ್ತದೆ? ಆಗ ಮಿತಿ ಮೇಲೇರುತ್ತದೆ, 300 ಮೆಗಾವ್ಯಾಟ್ ಹೋಗುತ್ತದೆ. ಅದಕ್ಕೆ ಬೇಕಾಗುವುದು ಮೊದಲ ಸ್ಥಿತಿಯಲ್ಲಿ 50 ಮೆಗಾವಾರ್, ಎರಡನೆಯದರಲ್ಲಿ 71, ಮೂರನೆಯದರಲ್ಲಿ 96. ಇನ್ನು 0.95 ಪವರ್ ಫ್ಯಾಕ್ಟರ್‌ನ ಮಿತಿ ಇರುವ 300 ಮೆಗಾವ್ಯಾಟ್ ಘಟಕ ಕೊಡಬಲ್ಲದ್ದು ಸುಮಾರು 99 ಮೆಗಾವಾರ್. ಮೂರೂ ಸ್ಥಿತಿಗಳಲ್ಲಿ ಮೀಟರ್ ತೋರಿಸುವುದು ಒಂದೇ, 1.0. ಕೈಯಲ್ಲಿ ಉಳಿದಿರುವುದು ಮಾತ್ರ 49, 28, 3. ನಿಮ್ಮ 0.97ರಿಂದ 1.03ರ ಪಟ್ಟಿಯಲ್ಲಿ ಈ ವ್ಯತ್ಯಾಸ ಎಲ್ಲಿ ಕಾಣುತ್ತದೆ ಹೇಳಿ?

ಇಲ್ಲಿಗೆ ಮುಗಿಯಲಿಲ್ಲ. ಆ 99 ಮೆಗಾವಾರ್ ಟರ್ಬೈನ್‌ಗಳ ಟರ್ಮಿನಲ್‌ನಲ್ಲಿ ಸಿಗುವುದೋ, ಗ್ರಿಡ್‌ಗೆ ಸೇರುವ ಬಸ್‌ನಲ್ಲಿ ಸಿಗುವುದೋ? ಮಧ್ಯೆ ಎರಡು ಹಂತದ ಟ್ರಾನ್ಸ್‌ಫಾರ್ಮರ್‌ಗಳಿವೆ. ಎರಡೂ ಸೇರಿ ರಿಯಾಕ್ಟೆನ್ಸ್ 18 ಶೇಕಡಾ ಎಂದುಕೊಂಡರೆ, ಪೂರ್ತಿ ಲೋಡ್‌ನಲ್ಲಿ ಅವೇ ಸುಮಾರು 54 ಮೆಗಾವಾರ್ ನುಂಗುತ್ತವೆ. ಒಳಗಿನ ಕೇಬಲ್‌ಗಳು ಸ್ವಲ್ಪ ವಾಪಸ್ ಕೊಡುತ್ತವೆ, ಅಷ್ಟೆ. ಹಾಗಾಗಿ ಕಂಪನಿಯ ಕಾಗದದಲ್ಲಿ 0.95 ಎಂದು ಬರೆದಿದ್ದರೆ, ಅದು ಯಾವ ಜಾಗದ ಲೆಕ್ಕ ಎಂದು ಮೊದಲು ಕೇಳಿ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಈಗ ನಿಮ್ಮ ಪಿವಿ ಕರ್ವ್‌ಗೆ ವಾಪಸ್ ಹೋಗಿ. ನೀವು ವಿಂಡ್ ಫಾರ್ಮ್ ಅನ್ನು ವೋಲ್ಟೇಜ್ ಹಿಡಿಯುವ ಬಸ್ ಎಂದು ಹಾಕಿದ್ದೀರಾ? ಹಾಕಿದ್ದರೆ ಮೆಗಾವಾರ್ ಮಿತಿ ಕೊಟ್ಟಿದ್ದೀರಾ? ಮಿತಿಯೇ ಇಲ್ಲದ ವಿಂಡ್ ಫಾರ್ಮ್ ಇಟ್ಟು ಬರೆದ ಕರ್ವ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು ಕಡೆ, ಆ ಘಟಕದ ಕಂಟ್ರೋಲರ್ ನಿಜವಾಗಿ ಯಾವ ಮೋಡ್‌ನಲ್ಲಿದೆ ಎಂದು ನೋಡಿ. ಆಧುನಿಕ ಟರ್ಬೈನ್‌ಗಳಿಗೆ ವೋಲ್ಟೇಜ್ ಹಿಡಿಯುವ ಶಕ್ತಿ ಇರುತ್ತದೆ. ಆದರೆ ಸೈಟ್‌ನಲ್ಲಿ ನಿಗದಿತ ಪವರ್ ಫ್ಯಾಕ್ಟರ್‌ನಲ್ಲಿ ಓಡಿಸುತ್ತಿದ್ದರೆ ಆ ಶಕ್ತಿ ಗ್ರಿಡ್‌ಗೆ ದಕ್ಕುವುದಿಲ್ಲ. ಹಳೆಯ ಫಿಕ್ಸೆಡ್ ಸ್ಪೀಡ್ ಇಂಡಕ್ಷನ್ ಜನರೇಟರ್‌ಗಳು ನಿಮ್ಮ ಭಾಗದಲ್ಲಿ ಇನ್ನೂ ಉಳಿದಿದ್ದರೆ ಅವನ್ನು ಬೇರೆಯಾಗಿಯೇ ಹಾಕಿ. ಅವು ರಿಯಾಕ್ಟಿವ್ ಪವರ್ ಎಳೆದುಕೊಳ್ಳುತ್ತವೆ. ಫಾಲ್ಟ್ (ಜಾಲದಲ್ಲಿ ಶಾರ್ಟ್ ಸರ್ಕ್ಯೂಟ್) ಆದಾಗ ರೋಟರ್ ವೇಗ ಏರಿ, ಆಮೇಲೆ ಇನ್ನೂ ಜಾಸ್ತಿ ಎಳೆಯುತ್ತವೆ.

ಕೆಪಾಸಿಟರ್ ಬ್ಯಾಂಕ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅವು ಕರ್ವ್‌ನ ಮೂಗನ್ನು ಬಲಕ್ಕೆ ತಳ್ಳುತ್ತವೆ, ಜೊತೆಗೆ ಮೇಲಕ್ಕೂ ಎತ್ತುತ್ತವೆ. ತುಂಬಾ ಕೆಪಾಸಿಟರ್ ಹಾಕಿದ ಜಾಗದಲ್ಲಿ ಕುಸಿತದ ಅಂಚು 0.95ರ ಆಸುಪಾಸಿನಲ್ಲೇ ಇರಬಹುದು. ಸಾಮಾನ್ಯ ಎನ್ನಿಸುವ ವೋಲ್ಟೇಜ್‌ನಿಂದಲೇ ಕೆಳಗೆ ಬೀಳುತ್ತೀರಿ. 1987ರ ಜುಲೈ 23ರಂದು ಟೋಕಿಯೊದಲ್ಲಿ ಆದ ಕುಸಿತ ನೆನಪಿಡಿ. ಅಲ್ಲಿ ಗಾಳಿ ವಿದ್ಯುತ್ತಿನ ಮಾತೇ ಇರಲಿಲ್ಲ. ಬಿಸಿಲಿನ ದಿನ, ಮಧ್ಯಾಹ್ನದ ಬಿಡುವು ಮುಗಿದ ಮೇಲೆ ಲೋಡ್ ನಿಮಿಷಕ್ಕೆ ಸುಮಾರು 400 ಮೆಗಾವ್ಯಾಟ್‌ನಂತೆ ಏರಿತು. ಕೆಪಾಸಿಟರ್‌ಗಳನ್ನು ಸೇರಿಸುತ್ತಾ ಹೋದರೂ 500 ಕೆವಿ ಜಾಲದ ವೋಲ್ಟೇಜ್ ಕೆಲವು ಕಡೆ 370 ಕೆವಿ ಹತ್ತಿರಕ್ಕೆ ಇಳಿಯಿತು. 8000 ಮೆಗಾವ್ಯಾಟ್‌ಗೂ ಹೆಚ್ಚು ಲೋಡ್ ಹೋಯಿತು. ವೋಲ್ಟೇಜ್ ಇಳಿದಷ್ಟೂ ಕೆಪಾಸಿಟರ್ ಕೊಡುವುದು ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ. 0.8ಕ್ಕೆ ಇಳಿದರೆ ಉಳಿಯುವುದು 64 ಶೇಕಡಾ. ಎಲೆಕ್ಟ್ರಾನಿಕ್ ಸ್ವಿಚ್‌ಗಳಿಂದ ರಿಯಾಕ್ಟಿವ್ ಪವರ್ ಕೊಡುವ ಸ್ಟಾಟ್‌ಕಾಮ್ ಆದರೆ ಕರೆಂಟ್ ಹಿಡಿದಿಟ್ಟುಕೊಳ್ಳುತ್ತದೆ, ಅದೇ ವೋಲ್ಟೇಜ್‌ನಲ್ಲಿ 80 ಶೇಕಡಾ ಕೊಡುತ್ತದೆ.

ನಿಮ್ಮ ಭಾಗದ ಸಮಸ್ಯೆ ಯಾವ ಜಾತಿಯದು ಎಂದೂ ತೀರ್ಮಾನಿಸಿಕೊಳ್ಳಿ. ಮೇಲೆ ಹೇಳಿದ್ದು ಗಾಳಿ ಹುಟ್ಟುವ ಕಡೆಯ ಸಮಸ್ಯೆ. ಇನ್ನೊಂದು ಲೋಡ್ ಇರುವ ಕಡೆಯದು. ದೂರದ ಗಾಳಿ ವಿದ್ಯುತ್ ಅಗ್ಗವಾಗಿ ಬಂತು ಎಂದು ನಗರದ ಹತ್ತಿರದ ಜನರೇಟರ್‌ಗಳನ್ನು ನಿಲ್ಲಿಸುತ್ತಾರೆ. ಮೆಗಾವ್ಯಾಟ್ ದೂರದಿಂದ ಬರುತ್ತದೆ, ಮೆಗಾವಾರ್ ಅಷ್ಟು ದೂರ ಬರುವುದಿಲ್ಲ. ಲೈನ್‌ಗಳು ತುಂಬಿದಷ್ಟೂ ಅವೇ ಅದನ್ನು ತಿಂದುಬಿಡುತ್ತವೆ. ಇಲ್ಲಿ ಕುಸಿತ ನಿಧಾನ. ಒಂದು ಲೈನ್ ಹೋಗುತ್ತದೆ, ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ, ಲೋಡ್ ಕೂಡ ತುಸು ಇಳಿಯುತ್ತದೆ, ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್‌ಗಳ ಟ್ಯಾಪ್ ಚೇಂಜರ್‌ಗಳು ಒಂದೊಂದೇ ಹೆಜ್ಜೆ ಏರಿ ಗ್ರಾಹಕರ ವೋಲ್ಟೇಜ್ ಅನ್ನು ಮೊದಲಿನಂತೆ ಮಾಡುತ್ತವೆ. ಲೋಡ್ ಮತ್ತೆ ಪೂರ್ತಿಯಾಗುತ್ತದೆ. ಉಳಿದ ಜನರೇಟರ್‌ಗಳು ತಮ್ಮ ಫೀಲ್ಡ್ ಕರೆಂಟ್ ಮಿತಿ ಮುಟ್ಟುತ್ತವೆ, ಇನ್ನು ಮೆಗಾವಾರ್ ಏರಿಸಲಾರವು. ಕೆಲವು ನಿಮಿಷಗಳಲ್ಲಿ ಕುಸಿತ. ಇದನ್ನು ನೋಡಬೇಕೆಂದರೆ 10 ಸೆಕೆಂಡಿನ ಸಿಮ್ಯುಲೇಷನ್ ಸಾಲದು. ಟ್ಯಾಪ್ ಚೇಂಜರ್ ಮತ್ತು ಲಿಮಿಟರ್‌ಗಳನ್ನು ಹಾಕಿ ಐದು ನಿಮಿಷವಾದರೂ ಓಡಿಸಿ.

ಮಾರ್ಜಿನ್ ಅಳೆಯುವಾಗ ಯಾವ ದಿಕ್ಕಿನಲ್ಲಿ ಒತ್ತಡ ಹೆಚ್ಚಿಸಿದಿರಿ ಎನ್ನುವುದೂ ಮುಖ್ಯ. ಲೋಡ್ ಏರಿಸುತ್ತಾ ಹೋಗುವುದು ಹಳೆಯ ಕ್ರಮ. ಗಾಳಿ ಗ್ರಿಡ್‌ನಲ್ಲಿ ಲೋಡ್ ಹಾಗೇ ಇಟ್ಟು ಗಾಳಿ ಏರಿಸುತ್ತಾ ನೋಡಬೇಕು. ಗಾಳಿ ಏರಿದಾಗ ಯಾವ ಜನರೇಟರ್ ಕೆಳಗಿಳಿಯುತ್ತದೆ, ಯಾವುದು ಪೂರ್ತಿ ಬಂದ್ ಆಗುತ್ತದೆ ಎಂದು ಡಿಸ್‌ಪ್ಯಾಚ್ ಮಾಡುವವರನ್ನು ಕೇಳಿ. ಬರೀ ಇಳಿದ ಜನರೇಟರ್ ಇನ್ನೂ ವೋಲ್ಟೇಜ್ ಹಿಡಿದಿರುತ್ತದೆ. ಬಂದ್ ಆದದ್ದು ಹಿಡಿಯುವುದಿಲ್ಲ. ಕರ್ವ್‌ನಲ್ಲಿ ಇದು ಹಠಾತ್ ಮೆಟ್ಟಿಲಿನಂತೆ ಬರುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಜಾಲದಲ್ಲಿ ಒಂದು ಉಪಕರಣ ಹೋದ ಮೇಲೂ 5 ಶೇಕಡಾ, ಅದಕ್ಕಿಂತ ಗಂಭೀರ ಘಟನೆಗಳ ಮೇಲೆ 2.5 ಶೇಕಡಾ ಮಾರ್ಜಿನ್ ಉಳಿದಿರಬೇಕು ಎನ್ನುವ ನಿಯಮವಿದೆ. ಆ ಶೇಕಡಾವಾರು ಎಷ್ಟು ನಂಬಿಕೆಗೆ ಅರ್ಹ ಎನ್ನುವುದು, ದಿಕ್ಕನ್ನು ನೀವು ಎಷ್ಟು ಸರಿಯಾಗಿ ಆರಿಸಿದ್ದೀರಿ ಎನ್ನುವುದರ ಮೇಲೆ ನಿಂತಿದೆ.

ಎಸ್‌ಸಿಆರ್ ಬಗ್ಗೆ ಇನ್ನೊಂದು ಮಾತು. ಅಕ್ಕಪಕ್ಕದ ವಿಂಡ್ ಫಾರ್ಮ್‌ಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಅದೇ ಬಸ್‌ಗೆ ಇನ್ನೊಂದು 300 ಮೆಗಾವ್ಯಾಟ್ ಬಂದು ಸೇರಿದರೆ ನಮ್ಮ 1.7 ಅರ್ಧವಾಗುತ್ತದೆ. ಇಬ್ಬರು ಡೆವಲಪರ್‌ಗಳು ತಮ್ಮ ತಮ್ಮ ವರದಿಯಲ್ಲಿ ಪ್ರತ್ಯೇಕವಾಗಿ ಪಾಸ್ ಆಗಿರುತ್ತಾರೆ, ಒಟ್ಟಿಗೆ ಫೇಲ್ ಆಗಿರುತ್ತಾರೆ. ಇದಕ್ಕೇ ಟೆಕ್ಸಸ್‌ನ ಗ್ರಿಡ್ ನಡೆಸುವ ಎರ್ಕಾಟ್, ಪ್ಯಾನ್‌ಹ್ಯಾಂಡಲ್ ಪ್ರದೇಶದ ಗಾಳಿಗೆ ವೇಯ್ಟೆಡ್ ಎಸ್‌ಸಿಆರ್ ಎನ್ನುವ ಅಳತೆ ತಂದು, 1.5 ಅನ್ನು ಮಿತಿಯಾಗಿ ಬಳಸಿತು. ಹತ್ತಿರದ ಎಲ್ಲ ಘಟಕಗಳನ್ನೂ ಅದು ಒಟ್ಟಿಗೆ ನೋಡುತ್ತದೆ.

ಈಗ ಡೈನಾಮಿಕ್ ಪರೀಕ್ಷೆಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ಗಾಳಿ ಗ್ರಿಡ್‌ನ ಹೆಚ್ಚಿನ ಆಶ್ಚರ್ಯಗಳು ಅಡಗಿರುವುದು ಇಲ್ಲೇ.

ಫಾಲ್ಟ್ ಆದಾಗ ಸಿಂಕ್ರನಸ್ ಜನರೇಟರ್ ತನ್ನ ರೇಟೆಡ್ ಕರೆಂಟ್‌ನ ಹಲವು ಪಟ್ಟು ಕೊಡುತ್ತದೆ. ಕನ್ವರ್ಟರ್ ಕೊಡುವುದು ಸಾಮಾನ್ಯವಾಗಿ 1.1ರಿಂದ 1.2 ಪಟ್ಟು, ಅದರಾಚೆ ಅದರ ಸ್ವಿಚ್‌ಗಳು ತಡೆಯುವುದಿಲ್ಲ. ಆ ಇಷ್ಟೇ ಇಷ್ಟು ಕರೆಂಟನ್ನು ಆಕ್ಟಿವ್ ಮತ್ತು ರಿಯಾಕ್ಟಿವ್ ನಡುವೆ ಹಂಚಬೇಕು. ಯಾವುದಕ್ಕೆ ಆದ್ಯತೆ ಎನ್ನುವುದು ಸಾಫ್ಟ್‌ವೇರ್‌ನಲ್ಲಿರುವ ಒಂದು ಸೆಟ್ಟಿಂಗ್. ಫಾಲ್ಟ್ ಕ್ಲಿಯರ್ ಆದ ಮೇಲೆ ಆಕ್ಟಿವ್ ಪವರ್ ಎಷ್ಟು ಬೇಗ ವಾಪಸ್ ಬರಬೇಕು ಎನ್ನುವುದು ಇನ್ನೊಂದು. ಗಟ್ಟಿ ಗ್ರಿಡ್‌ನಲ್ಲಿ ಬೇಗ ಬಂದಷ್ಟೂ ಒಳ್ಳೆಯದು, ಫ್ರೀಕ್ವೆನ್ಸಿಗೆ ಆಸರೆ ಸಿಗುತ್ತದೆ. ಬಲಹೀನ ಗ್ರಿಡ್‌ನಲ್ಲಿ ಲೈನ್ ಒಂದು ಕಡಿಮೆಯಾಗಿರುವಾಗ 300 ಮೆಗಾವ್ಯಾಟ್ ಏಕಾಏಕಿ ನುಗ್ಗಿದರೆ ವೋಲ್ಟೇಜ್ ಮತ್ತೆ ಕುಸಿಯುತ್ತದೆ. ಟರ್ಬೈನ್ ಅದನ್ನು ಹೊಸ ಫಾಲ್ಟ್ ಎಂದು ತಿಳಿಯುತ್ತದೆ, ಪವರ್ ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಈ ಕುಣಿತ ಲೋಡ್ ಫ್ಲೋದಲ್ಲಿ ಎಂದೂ ಕಾಣದು.

2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ಇಡೀ ರಾಜ್ಯವೇ ಕತ್ತಲಾಯಿತು. ಬಿರುಗಾಳಿಗೆ ಪ್ರಸರಣ ಲೈನ್‌ಗಳು ಬಿದ್ದು ಎರಡು ನಿಮಿಷದೊಳಗೆ ಆರು ಸಲ ವೋಲ್ಟೇಜ್ ಕುಸಿದು ಚೇತರಿಸಿತು. ಟರ್ಬೈನ್‌ಗಳು ಒಂದೊಂದು ಕುಸಿತವನ್ನೂ ತಾಳಿಕೊಳ್ಳಬಲ್ಲವಾಗಿದ್ದವು. ಆದರೆ ಇಂತಿಷ್ಟು ಹೊತ್ತಿನಲ್ಲಿ ಇಂತಿಷ್ಟು ಸಲ ಮಾತ್ರ ಎನ್ನುವ ರಕ್ಷಣಾ ಮಿತಿ ಅವುಗಳ ಕಂಟ್ರೋಲ್‌ನಲ್ಲಿತ್ತು. ಗ್ರಿಡ್ ನಡೆಸುವವರಿಗೆ ಅದು ಗೊತ್ತಿರಲಿಲ್ಲ. ಒಂಬತ್ತು ವಿಂಡ್ ಫಾರ್ಮ್‌ಗಳಿಂದ ಏಳು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ 456 ಮೆಗಾವ್ಯಾಟ್ ಹೋಯಿತು. ಅಷ್ಟೂ ಭಾರ ಪಕ್ಕದ ರಾಜ್ಯದಿಂದ ಬರುವ ಹೇವುಡ್ ಇಂಟರ್‌ಕನೆಕ್ಟರ್ ಮೇಲೆ ಬಿತ್ತು, ಅದು ಟ್ರಿಪ್ ಆಯಿತು. ಸುಮಾರು 8.5 ಲಕ್ಷ ಗ್ರಾಹಕರಿಗೆ ವಿದ್ಯುತ್ ಹೋಯಿತು. ಇದು ಶುದ್ಧ ವೋಲ್ಟೇಜ್ ಕುಸಿತದ ಪ್ರಕರಣ ಅಲ್ಲ. ಆದರೂ ನಿಮ್ಮ ಪರೀಕ್ಷೆಗೆ ಇದರಿಂದ ನೇರ ಪಾಠವಿದೆ. ಒಂದೇ ಫಾಲ್ಟ್ ಹಾಕಿ ಸುಮ್ನೆ ಬಿಡಬೇಡಿ. ಒಂದರ ಹಿಂದೊಂದು ಫಾಲ್ಟ್ ಬಂದರೆ ಏನು ಎಂದು ನೋಡಿ, ತಯಾರಕರನ್ನು ಆ ಮಿತಿ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಆ ರಾಜ್ಯದಲ್ಲಿ ಆಮೇಲೆ ಡೇವನ್‌ಪೋರ್ಟ್ ಮತ್ತು ರಾಬರ್ಟ್ಸ್‌ಟೌನ್‌ನಲ್ಲಿ ಎರಡೆರಡರಂತೆ ನಾಲ್ಕು ಸಿಂಕ್ರನಸ್ ಕಂಡೆನ್ಸರ್‌ಗಳನ್ನು (ಇಂಧನವಿಲ್ಲದೆ ಗ್ರಿಡ್ ಜೊತೆ ತಿರುಗುವ ಯಂತ್ರಗಳನ್ನು) ಹಾಕಿದರು. ಅವು ರಿಯಾಕ್ಟಿವ್ ಪವರ್ ಜೊತೆಗೆ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯವನ್ನೂ ಕೊಡುತ್ತವೆ. ಮಾಮೂಲಿ ಸ್ಟಾಟ್‌ಕಾಮ್‌ನಿಂದ ಈ ಎರಡನೆಯದು ಸಿಗದು.

ಇನ್ನೊಂದು ಬಗೆಯ ತೊಂದರೆ ಇನ್ನೂ ಸೂಕ್ಷ್ಮ. 2019ರ ಆಗಸ್ಟ್ 9ರಂದು ಬ್ರಿಟನ್‌ನಲ್ಲಿ ಒಂದು ಲೈನ್‌ಗೆ ಸಿಡಿಲು ಬಡಿಯಿತು. ಗ್ರಿಡ್‌ಗೆ ಅದು ದಿನನಿತ್ಯದ ಘಟನೆ. ಆದರೆ ಹಾರ್ನ್‌ಸೀ ಕಡಲಾಚೆಯ ವಿಂಡ್ ಫಾರ್ಮ್ 799 ಮೆಗಾವ್ಯಾಟ್‌ನಿಂದ ಕ್ಷಣದಲ್ಲಿ 62ಕ್ಕೆ ಇಳಿಯಿತು. ವೋಲ್ಟೇಜ್ ನಿಯಂತ್ರಿಸುವ ಅದರ ಕಂಟ್ರೋಲ್ ಆ ಬಲಹೀನ ಸ್ಥಿತಿಯಲ್ಲಿ ತೂಗಾಡಲು ಶುರು ಮಾಡಿತ್ತು. ರಿಯಾಕ್ಟಿವ್ ಪವರ್ ಓಲಾಡಿ, ಟರ್ಬೈನ್‌ಗಳ ರಕ್ಷಣೆ ಕೆಲಸ ಮಾಡಿತು. ಸಾಫ್ಟ್‌ವೇರ್ ಬದಲಿಸಿ ಅದನ್ನು ಸರಿಪಡಿಸಿದರು. ಇಲ್ಲಿ ಮೆಗಾವಾರ್ ಕೊರತೆ ಇರಲಿಲ್ಲ, ಅದನ್ನು ಹಂಚುವ ಕಂಟ್ರೋಲ್ ಸ್ಥಿರವಾಗಿರಲಿಲ್ಲ. 2004ರಲ್ಲಿ ಐಇಇಇ ಮತ್ತು ಸಿಗ್ರೆ ಎಂಬ ಎಂಜಿನಿಯರಿಂಗ್ ಸಂಸ್ಥೆಗಳು ಸೇರಿ ಮಾಡಿದ ಸ್ಥಿರತೆಯ ವರ್ಗೀಕರಣದಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ. 2021ರಲ್ಲಿ ಪ್ರಕಟವಾದ ಪರಿಷ್ಕೃತ ವರ್ಗೀಕರಣದಲ್ಲಿ ಕನ್ವರ್ಟರ್‌ನಿಂದ ಹುಟ್ಟುವ ಅಸ್ಥಿರತೆ ಎನ್ನುವ ಬೇರೆ ವಿಭಾಗವೇ ಬಂತು.

ಹಾಗಾದರೆ ಯಾವ ಸಾಧನ ಬೇಕು? ಎಸ್‌ಸಿಆರ್ 3ಕ್ಕಿಂತ ಸಾಕಷ್ಟು ಮೇಲಿದ್ದರೆ ಅಲೆಯ ಗಾತ್ರ ಮತ್ತು ಕೋನವನ್ನಷ್ಟೇ ನೋಡುವ ಮಾಮೂಲಿ ಆರ್‌ಎಂಎಸ್ ಸಿಮ್ಯುಲೇಷನ್ ಬಹುಪಾಲು ಸಾಕು. 3ರ ಕೆಳಗೆ ಬಂದಂತೆ ಅದರ ಮೇಲಿನ ಭರವಸೆ ಕಡಿಮೆ ಮಾಡಿಕೊಳ್ಳಿ. ಗ್ರಿಡ್‌ನ ಕೋನ ಹಿಂಬಾಲಿಸುವ ಪಿಎಲ್‌ಎಲ್, ಒಳಗಿನ ಕರೆಂಟ್ ಕಂಟ್ರೋಲ್ ಇವೆಲ್ಲ ಆರ್‌ಎಂಎಸ್ ಮಾಡೆಲ್‌ನಲ್ಲಿ ಸರಿಯಾಗಿ ಇರುವುದಿಲ್ಲ. 2ರ ಹತ್ತಿರ, ಅಲೆಯನ್ನು ಕ್ಷಣಕ್ಷಣಕ್ಕೂ ಲೆಕ್ಕಿಸುವ ಇಎಂಟಿ ಸಿಮ್ಯುಲೇಷನ್ ಬೇಕೇ ಬೇಕು, ಅದೂ ತಯಾರಕರ ನಿಜವಾದ ಕೋಡ್ ಇರುವ ಮಾಡೆಲ್‌ನೊಂದಿಗೆ. ಎಲ್ಲ ಜಾಲಕ್ಕೂ ಇಎಂಟಿ ಮಾಡಲು ಹೋಗಬೇಡಿ, ವರ್ಷ ಕಳೆದರೂ ಮುಗಿಯದು. ಬಲಹೀನ ಮೂಲೆಗಳಿಗೆ ಮಾತ್ರ ಮಾಡಿ.

ವೋಲ್ಟೇಜ್ ಕೆಳಗೆ ಬೀಳುವುದನ್ನಷ್ಟೇ ನೋಡಿದರೆ ಅರ್ಧ ಕೆಲಸ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದದ್ದು ವೋಲ್ಟೇಜ್ ಏರಿದ್ದರಿಂದ. ಏರಿದ ವೋಲ್ಟೇಜ್‌ಗೆ ಘಟಕಗಳು ಟ್ರಿಪ್ ಆದವು, ಅವು ಹೋದ ಮೇಲೆ ವೋಲ್ಟೇಜ್ ಇನ್ನೂ ಏರಿತು, ಇನ್ನಷ್ಟು ಟ್ರಿಪ್ ಆದವು. ಸ್ಪೇನಿನ ಬಹುಪಾಲು ನವೀಕರಿಸಬಹುದಾದ ಘಟಕಗಳು ಆಗ ನಿಗದಿತ ಪವರ್ ಫ್ಯಾಕ್ಟರ್‌ನಲ್ಲಿದ್ದವು, ವೋಲ್ಟೇಜ್ ಹಿಡಿಯುವ ಕೆಲಸ ಅವಕ್ಕೆ ಕೊಟ್ಟಿರಲಿಲ್ಲ. ಅಂದು ಸೌರ ವಿದ್ಯುತ್ತಿನ ಪಾಲು ದೊಡ್ಡದಿತ್ತು, ಆದರೆ ಗಾಳಿಗೂ ಇದೇ ಅನ್ವಯ. ಗಾಳಿ ಕಡಿಮೆ, ಲೋಡ್ ಕಡಿಮೆ ಇರುವ ಹೊತ್ತಿನಲ್ಲಿ ಉದ್ದದ ಲೈನ್‌ಗಳು ಮತ್ತು ಕೇಬಲ್‌ಗಳೇ ರಿಯಾಕ್ಟಿವ್ ಪವರ್ ಹುಟ್ಟಿಸುತ್ತವೆ. ಅದನ್ನು ಹೀರಿಕೊಳ್ಳುವವರು ಯಾರು ಎಂದು ಕೇಳಿಕೊಳ್ಳಿ. ಗಾಳಿ ತೀರಾ ಕಡಿಮೆಯಾದಾಗ ಕೆಲವು ಟರ್ಬೈನ್‌ಗಳು ರಿಯಾಕ್ಟಿವ್ ಸೇವೆಯನ್ನೇ ನಿಲ್ಲಿಸುತ್ತವೆ ಎನ್ನುವುದು ನೆನಪಿರಲಿ.

ಹಾಗಾಗಿ ಪರೀಕ್ಷೆಗೆ ಗಂಟೆಗಳನ್ನು ಆರಿಸುವುದೇ ಒಂದು ಕೆಲಸ. ಪೀಕ್ ಲೋಡ್ ಒಂದನ್ನೇ ಹಿಡಿದುಕೊಂಡರೆ ಆಗದು. ಗಾಳಿ ಪೂರ್ತಿ, ಲೋಡ್ ಕಡಿಮೆ. ಲೋಡ್ ಪೂರ್ತಿ, ಗಾಳಿ ಇಲ್ಲ. ಎರಡೂ ಕಡಿಮೆ. ಗಾಳಿ ಬೇಗನೆ ಇಳಿಯುತ್ತಿರುವ ಹೊತ್ತು. ಇಷ್ಟಾದರೂ ಇರಲಿ. ಸಾಧ್ಯವಾದರೆ ಒಂದು ವರ್ಷದ ಗಂಟೆಗಂಟೆಯ ಮಾಹಿತಿ ತೆಗೆದುಕೊಂಡು ಎಲ್ಲ ಗಂಟೆಗೂ ಮೆಗಾವಾರ್ ಮೀಸಲು ಲೆಕ್ಕ ಹಾಕಿ, ಕೆಟ್ಟ ಗಂಟೆಗಳನ್ನು ಆರಿಸಿ. ಅಂದಾಜಿನ ಮಾಹಿತಿ ಬಳಸುವುದಾದರೆ ಪಕ್ಕಪಕ್ಕದ ವಿಂಡ್ ಫಾರ್ಮ್‌ಗಳ ಗಾಳಿ ಒಂದಕ್ಕೊಂದು ಸಂಬಂಧವಿಲ್ಲ ಎಂದು ಎಂದೂ ಭಾವಿಸಬೇಡಿ. ಗಾಳಿ ಬಂದರೆ ಎಲ್ಲದಕ್ಕೂ ಬರುತ್ತದೆ. ಸಂಬಂಧವಿಲ್ಲ ಎಂದು ಹಾಕಿದ ಲೆಕ್ಕ ಕೆಟ್ಟ ಗಂಟೆಗಳನ್ನು ಅಪರೂಪ ಎಂದು ತೋರಿಸುತ್ತದೆ.

ಎಲ್ ಇಂಡೆಕ್ಸ್, ಮೋಡಲ್ ಅನಾಲಿಸಿಸ್, ಕ್ಯೂವಿ ಕರ್ವ್ ಎನ್ನುವ ವೋಲ್ಟೇಜ್ ಸ್ಥಿರತೆ ಅಳೆಯುವ ವಿಧಾನಗಳ ಬಗ್ಗೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ, ಇಲ್ಲಿ ಬೆಳೆಸುವುದಿಲ್ಲ. ನನಗೆ ಅವುಗಳಲ್ಲಿ ಹೆಚ್ಚು ಉಪಯೋಗ ಕಂಡದ್ದು ಕ್ಯೂವಿ ಕರ್ವ್‌ನಲ್ಲಿ. ಒಂದು ಬಸ್‌ನಲ್ಲಿ ಇನ್ನೆಷ್ಟು ಮೆಗಾವಾರ್ ಕಳೆದುಕೊಂಡರೆ ಕುಸಿತ ಎಂದು ಅದು ನೇರವಾಗಿ ಹೇಳುತ್ತದೆ. ಮೋಡಲ್ ಅನಾಲಿಸಿಸ್ ಯಾವ ಬಸ್‌ಗಳು ಒಟ್ಟಿಗೆ ಬೀಳುತ್ತವೆ ಎಂದು ತೋರಿಸುತ್ತದೆ, ಸ್ಟಾಟ್‌ಕಾಮ್ ಎಲ್ಲಿಡಬೇಕು ಎನ್ನುವಾಗ ಕೆಲಸಕ್ಕೆ ಬರುತ್ತದೆ. ಆದರೆ ಉಪಕರಣ ಕೊಳ್ಳುವ ಮಾತಿಗೆ ಮೊದಲು, ಈಗಿರುವ ವಿಂಡ್ ಫಾರ್ಮ್‌ಗಳನ್ನು ವೋಲ್ಟೇಜ್ ಕಂಟ್ರೋಲ್ ಮೋಡ್‌ಗೆ ಹಾಕಿ, ಡ್ರೂಪ್ (ವೋಲ್ಟೇಜ್ ಇಷ್ಟು ಬದಲಾದರೆ ಇಷ್ಟು ಮೆಗಾವಾರ್ ಎನ್ನುವ ಅನುಪಾತ) ಸರಿಯಾಗಿ ಕೊಟ್ಟು ಇನ್ನೊಮ್ಮೆ ಲೆಕ್ಕ ಮಾಡಿ. ಕೆಲವೊಮ್ಮೆ ಅಷ್ಟರಲ್ಲೇ ಕೊರತೆ ಮುಗಿದಿರುತ್ತದೆ.

ಕೊನೆಯದಾಗಿ, ನಿಮ್ಮ ಮಾಡೆಲ್ ಅನ್ನು ನಿಜದ ಜೊತೆ ಹೋಲಿಸಿ. ಆ ಭಾಗದಲ್ಲಿ ಕಳೆದ ವರ್ಷ ಲೈನ್ ಟ್ರಿಪ್ ಆದ ದಾಖಲೆಗಳು, ಸಬ್‌ಸ್ಟೇಷನ್‌ನ ಫಾಲ್ಟ್ ರೆಕಾರ್ಡರ್ ಮತ್ತು ಪಿಎಂಯು (ವೋಲ್ಟೇಜ್ ಮತ್ತು ಅದರ ಕೋನವನ್ನು ಸೆಕೆಂಡಿಗೆ ಹಲವು ಸಲ ಅಳೆಯುವ ಉಪಕರಣ) ಮಾಹಿತಿ ತರಿಸಿಕೊಳ್ಳಿ. ಅದೇ ಟ್ರಿಪ್ ಅನ್ನು ಸಿಮ್ಯುಲೇಷನ್‌ನಲ್ಲಿ ಹಾಕಿ, ವಿಂಡ್ ಫಾರ್ಮ್ ಬಸ್‌ನ ವೋಲ್ಟೇಜ್ ಮತ್ತು ಮೆಗಾವಾರ್ ಎರಡನ್ನೂ ರೆಕಾರ್ಡ್ ಆದದ್ದರ ಮೇಲಿಟ್ಟು ನೋಡಿ. ವೋಲ್ಟೇಜ್ ಹೊಂದಿ ಮೆಗಾವಾರ್ ಹೊಂದದಿದ್ದರೆ ಕಂಟ್ರೋಲರ್ ಮೋಡ್ ಅಥವಾ ಮಿತಿ ತಪ್ಪಾಗಿದೆ. ಅದನ್ನು ತಿದ್ದಿದ ಮೇಲೆ ಪಿವಿ ಕರ್ವ್ ಮತ್ತೆ ಬರೆಯಿರಿ. ಈ ಸಲ ವೋಲ್ಟೇಜ್ ಪಕ್ಕದಲ್ಲಿ ಪ್ರತಿ ಘಟಕದ ಉಳಿದ ಮೆಗಾವಾರ್ ಅನ್ನೂ ಅದೇ ಚಿತ್ರದಲ್ಲಿ ಹಾಕಿ, ಹಿರಿಯರ ಮುಂದಿಡಿ.